ಊರಿನ ಹೆಸರು, ಪರವೂರಿನ ಕೈ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಬೇಸಿಗೆ ರಜೆ ಎಂದರೆ ಒಂದೇ ಅರ್ಥ: ಊರಿಗೆ ಹೋಗುವುದು. ಸಿಮ್ಲಾ, ನೈನಿತಾಲ್ ಎಲ್ಲ ಆಮೇಲೆ. ಬ್ಯಾಂಕಿನವರಾದ ನಮಗೆ ಎಲ್.ಎಫ್.ಸಿ. ಎಂಬ ಸೌಲಭ್ಯವಿತ್ತು. ಅದರಲ್ಲಿ ದೇಶದ ಯಾವ ಮೂಲೆಯನ್ನು ಬೇಕಾದರೂ ನೋಡಿ ಬರಬಹುದಿತ್ತು. ಆದರೂ ದೆಹಲಿಯಲ್ಲಿದ್ದ ನಮ್ಮವರಲ್ಲಿ ಹೆಚ್ಚಿನವರು ಕೆ.ಕೆ. ಎಕ್ಸ್‌ಪ್ರೆಸ್ಸಿನ ಟಿಕೆಟ್ಟನ್ನೇ ತೆಗೆಸುತ್ತಿದ್ದರು. ಸುಮಾರು 2,400 ಕಿ.ಮೀ. ದೂರ, ಎರಡು ರಾತ್ರಿಯ ಪ್ರಯಾಣ. ಹೋಗುವಾಗ ಸೂಟ್‌ಕೇಸಿನ ತುಂಬ ಬಟ್ಟೆ. ಬರುವಾಗ ಅದೇ ಸೂಟ್‌ಕೇಸಿನಲ್ಲಿ ರಾಗಿಹಿಟ್ಟು, ಕಾಫಿಪುಡಿ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ. ಉಪ್ಪಿನಕಾಯಿ ಜಾಡಿ ಮಾತ್ರ ಯಜಮಾನಿಯ ತೊಡೆಯ ಮೇಲೆ! 'ಊರಿನ ರುಚಿ' ಎಂಬುದನ್ನು ನಾವು ಹೀಗೆ ಕಿಲೋ ಲೆಕ್ಕದಲ್ಲಿ ಸಾಗಿಸಿಕೊಂಡು ಬಂದವರು.

ಈ ಊರಿನ ರುಚಿ ಊರಿಗೆ ಬಂದದ್ದು ಎಲ್ಲಿಂದ ಎಂದು ಮಾತ್ರ ನಾವು ಯಾರೂ ಕೇಳಿಕೊಳ್ಳಲಿಲ್ಲ. ಎಂ.ಕಾಂ. ಓದಿದವರಿಗೆ ಒಂದು ಕಾಯಿಲೆ ಇರುತ್ತದೆ ನೋಡಿ. ಒಂದು ಕಡೆ ಜಮೆ ಕಂಡರೆ, ಇದು ಯಾರ ಖಾತೆಯಿಂದ ಬಂತು ಅಂತ ಇನ್ನೊಂದು ಕಡೆ ಹುಡುಕುವುದು. ನಿವೃತ್ತಿಯಾದರೂ ಆ ಕಾಯಿಲೆ ವಾಸಿಯಾಗಲಿಲ್ಲ. ಈ ಬರಹ ಅದರದೇ ಫಲ.

ಜನಕಪುರಿಯ ನಮ್ಮ ಬ್ಲಾಕಿನಲ್ಲೇ ಇರುವ ಹಳೆಯ ಸಹೋದ್ಯೋಗಿಯೊಬ್ಬರು ಮಗಳ ಮನೆಗೆಂದು ಫ್ರಾನ್ಸಿಗೆ ಹೋಗಿ, ಅಲ್ಲಿಯ ಹಳ್ಳಿಗಳಲ್ಲಿ ಒಂದು ಬೇಸಿಗೆ ಕಳೆದು ಬಂದಿದ್ದರು. ಅಲ್ಲಿ ಪ್ರತಿ ಹಳ್ಳಿಗೂ ಅದರದೇ ಚೀಸ್, ಅದರದೇ ಬ್ರೆಡ್, ಅದರದೇ ಸಂತೆ ಎಂದು ವರ್ಣಿಸಿದ್ದೇ ವರ್ಣಿಸಿದ್ದು. "ಒಂದೊಂದು ಹಳ್ಳಿಗೂ ಒಂದೊಂದು ರುಚಿ ಕಣ್ರೀ, ನಮ್ಮಲ್ಲಿ ಎಲ್ಲಿದೆ ಹೇಳಿ?" ಅಂದರು. ಇದೇನು ಮಾತು! ನಮ್ಮಲ್ಲಿ ಮದ್ದೂರು ಅಂದರೆ ವಡೆ, ಧಾರವಾಡ ಅಂದರೆ ಪೇಡ, ಗೋಕಾಕ ಅಂದರೆ ಕರದಂಟು, ಬೆಳಗಾವಿ ಅಂದರೆ ಕುಂದಾ. ಹಿತ್ತಲ ಗಿಡ ಮದ್ದಲ್ಲ ಅಷ್ಟೇ. ಆ ಹಟಕ್ಕೆ 2022ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಐದು ವಾರ ಊರೂರು ಸುತ್ತಿದೆವು. ನಿಜಾಮುದ್ದೀನಿನಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ಬೆಳಗಾವಿಯಲ್ಲಿ ಇಳಿದು, ಅಲ್ಲಿಂದ ದಕ್ಷಿಣಕ್ಕೆ ಬಸ್ಸು, ಬಾಡಿಗೆ ಕಾರು, ನೆಂಟರ ಸ್ಕೂಟರು, ಸಿಕ್ಕಿದ್ದರಲ್ಲಿ ಪ್ರಯಾಣ.

ಮೊದಲು ಧಾರವಾಡ. ನನ್ನಾಕೆಯ ತವರು. ಅಲ್ಲಿ ಪೇಡ ತಿನ್ನದೆ ಹೊರಟವರನ್ನು ಭಾವಮೈದುನ ಬಾಗಿಲು ದಾಟಲು ಬಿಡುವುದಿಲ್ಲ. ಖೋವಾವನ್ನು ಕಂದು ಬಣ್ಣ ಬರುವ ತನಕ ಕಾಯಿಸಿ, ಉಂಡೆ ಕಟ್ಟಿ, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಈ ತಿನಿಸಿಗೆ ಜಿ.ಐ., ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಧಾರವಾಡದವರಿಗೆ ಇದು ವಿದ್ಯೆ, ಸಂಗೀತಗಳಷ್ಟೇ ಹೆಮ್ಮೆಯ ವಿಷಯ. ಆದರೆ ಇದನ್ನು ಶುರು ಮಾಡಿದವರು ಧಾರವಾಡದವರಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ, ಸಾಂಕ್ರಾಮಿಕ ರೋಗಕ್ಕೆ ಹೆದರಿ ಊರು ಬಿಟ್ಟು ಬಂದ ಠಾಕೂರ್ ಮನೆತನದವರು. ರಾಮರತನ್ ಸಿಂಗ್ ಠಾಕೂರ್ ಶುರು ಮಾಡಿದ್ದನ್ನು ಮೊಮ್ಮಗ ಬಾಬುಸಿಂಗ್ ಠಾಕೂರ್ ಹೆಸರಿಗೆ ತಂದರು. ಲೈನ್ ಬಜಾರಿನ ಅವರ ಅಂಗಡಿಯಿಂದಾಗಿ 'ಲೈನ್ ಬಜಾರ್ ಪೇಡ' ಎಂಬ ಮಾತೇ ಹುಟ್ಟಿತು. ಇಪ್ಪತ್ತನೇ ಶತಮಾನದಲ್ಲಿ ಇನ್ನೊಂದು ಹೆಸರಾದ ಮಿಶ್ರಾ ಪೇಡದವರ ಮೂಲವೂ ಉತ್ತರ ಪ್ರದೇಶವೇ.

ಉನ್ನಾವ್ ಎಲ್ಲಿದೆ ಅಂತೀರಾ? ದೆಹಲಿಯಿಂದ ಲಖನೌಗೆ ಹೋಗುವ ರೈಲು ಕಾನ್ಪುರದಲ್ಲಿ ಗಂಗೆ ದಾಟಿ ಇಪ್ಪತ್ತು ಕಿಲೋಮೀಟರ್ ಹೋಗುವುದರೊಳಗೆ ಸಿಗುವ ಸ್ಟೇಷನ್ನು. ಬ್ಯಾಂಕಿನ ಕೆಲಸಕ್ಕೆಂದು ನಾನು ಹತ್ತಾರು ಸಲ ಹಾದುಹೋದ ದಾರಿ. ನಾನು ದಕ್ಷಿಣದಿಂದ ಉತ್ತರಕ್ಕೆ ಬಂದೆ. ನನಗಿಂತ ನೂರೈವತ್ತು ವರ್ಷ ಮೊದಲೇ ಅದೇ ದಾರಿಯಲ್ಲಿ ಒಂದು ಕುಟುಂಬ ಉತ್ತರದಿಂದ ದಕ್ಷಿಣಕ್ಕೆ ಹೋಗಿತ್ತು. ಅದೂ ಎಲ್.ಎಫ್.ಸಿ. ಇಲ್ಲದೆ, ರಿಸರ್ವೇಶನ್ ಇಲ್ಲದೆ, ವಾಪಸು ಟಿಕೆಟ್ ಇಲ್ಲದೆ! ಇದನ್ನು ನನ್ನಾಕೆಗೆ ಹೇಳಿದರೆ, "ಅಲ್ರೀ, ನಮ್ಮ ಪೇಡೆದಾಗೂ ಲೆಕ್ಕ ತೆಗೀತೀರೇನು? ಕೈ ಅವರದ ಇರಬಹುದು, ಹಾಲು ನಮ್ಮ ಎಮ್ಮೀದು" ಅಂದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವಳು ಹೇಳಿದ್ದು ಸರಿಯೇ. ಧಾರವಾಡದ ಸುತ್ತ ಗವಳಿಗರು ಸಾಕಿಕೊಂಡು ಬಂದ ಎಮ್ಮೆಗಳಿವೆ. ಆ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಎಂಬ ರಾಷ್ಟ್ರೀಯ ನೋಂದಣಿಯೂ ಸಿಕ್ಕಿತು. ಅದರ ಹಾಲಿಲ್ಲದೆ ಉನ್ನಾವ್‌ನ ಕೈಗೆ ಏನು ಬೆಲೆ? ಆ ಕೈ ಬಾರದೆ ಇದ್ದಿದ್ದರೆ ಆ ಹಾಲು ಮೊಸರು, ಬೆಣ್ಣೆ, ತುಪ್ಪ ಆಗುತ್ತಿತ್ತು, ಪೇಡ ಆಗುತ್ತಿರಲಿಲ್ಲ. ಮುಂದಿನ ಊರುಗಳಲ್ಲೆಲ್ಲ ನಾನು ಈ ಎರಡು ಕಾಲಂ ಹಾಕಿಕೊಂಡೇ ತಿರುಗಿದೆ: ಬಂದವರು ತಂದದ್ದು ಏನು, ಊರು ಕೊಟ್ಟದ್ದು ಏನು.

ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ಕಾಲಿಟ್ಟರೆ ಮೂಗು ಮೊದಲು ಲೆಕ್ಕ ಕೊಡುತ್ತದೆ. ಸುಕ್ಕುಸುಕ್ಕಾದ ಕಡುಗೆಂಪು ಮೆಣಸಿನಕಾಯಿಯ ರಾಶಿ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಇದಕ್ಕೂ ಜಿ.ಐ. ಬಂತು. ಮೆಣಸಿನಕಾಯಿಯ ತವರು ಮಾತ್ರ ಅಮೆರಿಕ ಖಂಡ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಗೋವಾ ಕಡೆಗೆ ಬಂದದ್ದು. ಅದಕ್ಕೆ ಮೊದಲು ನಮ್ಮ ಸಾರಿಗೆ ಖಾರ ಎಲ್ಲಿಂದ? ಮೆಣಸಿನಿಂದ, ಅಂದರೆ ಇವತ್ತು ನಾವು ಕಾಳುಮೆಣಸು, ಒಳ್ಳೆಮೆಣಸು ಎನ್ನುವ ಬಳ್ಳಿಯಿಂದ. ಹೊಸದಾಗಿ ಬಂದ ಕಾಯಿ ಮೆಣಸಿನ ಹಾಗೆ ಖಾರವಾಗಿತ್ತು, ಹಾಗಾಗಿ ಮೆಣಸಿನಕಾಯಿ ಆಯಿತು. ಕೊನೆಗೆ ಆದದ್ದೇನು? ಅತಿಥಿ ಮನೆಯ ಹೆಸರನ್ನೇ ಇಟ್ಟುಕೊಂಡು ಒಳಗೆ ಕೂತ. ಮನೆಯ ಯಜಮಾನ 'ನಾನು ಕಾಳುಮೆಣಸು' ಎಂದು ತನ್ನ ಪರಿಚಯ ಹೇಳಿಕೊಳ್ಳಬೇಕಾಯಿತು! ಭಾಷೆಯೂ ಒಂದು ಲೆಡ್ಜರೇ. ಪರಂಗಿ ಹಣ್ಣು, ಸೀಮೆಬದನೆ ಎಂಬ ಹೆಸರುಗಳಲ್ಲಿ ಬಂದ ದಾರಿ ಹಾಗೇ ಬರೆದಿಟ್ಟಿದೆ.

ಹಾಗೆ ನೋಡಿದರೆ ಪೋರ್ಚುಗೀಸರು ಬಂದದ್ದೂ ಆ ಹಳೆಯ ಯಜಮಾನನನ್ನು ಹುಡುಕಿಕೊಂಡೇ. ಉತ್ತರ ಕನ್ನಡದಲ್ಲಿ ಶರಾವತಿ ದಂಡೆಯ ಗೇರುಸೊಪ್ಪೆಯನ್ನು 1552ರಿಂದ 1606ರ ತನಕ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಬಿಟ್ಟು ಹೋದರು. ವ್ಯಾಪಾರದಲ್ಲಿ ಯಾರು ಗೆದ್ದರು ಎಂದು ಇವತ್ತು ಬ್ಯಾಡಗಿಯ ರೈತನನ್ನು ಕೇಳಬೇಕು.

ಘಟ್ಟ ಇಳಿದು ಉಡುಪಿ ಕಡೆಗೆ ಬಂದರೆ ಲೆಕ್ಕ ತಿರುಗುಮುರುಗು. ಕಟಪಾಡಿ ಹತ್ತಿರದ ಮಟ್ಟು ಎಂಬ ಹಳ್ಳಿಯಲ್ಲಿ ಬೆಳೆಯುವ ಗುಂಡಗಿನ ತಿಳಿಹಸಿರು ಬದನೆಗೆ ಮಟ್ಟುಗುಳ್ಳ ಎಂದು ಹೆಸರು. ಸೋದೆ ಮಠದ ವಾದಿರಾಜರು ಅದರ ಬೀಜ ಕೊಟ್ಟರೆಂಬುದು ಅಲ್ಲಿಯವರ ನಂಬಿಕೆ. ಬದನೆ ಮಾತ್ರ ನಮ್ಮ ದೇಶದ್ದೇ ತರಕಾರಿ. ಇಲ್ಲಿಂದ ಪರ್ಶಿಯಾ, ಅರಬ್ ದೇಶಗಳ ಮೂಲಕ ಯುರೋಪಿಗೆ ಹೋಯಿತು. ಫ್ರೆಂಚರು ಅದನ್ನು 'ಓಬರ್ಜಿನ್' ಎನ್ನುತ್ತಾರೆ. ಆ ಪದದ ಬೇರು ಹುಡುಕುತ್ತಾ ಹೋದರೆ ಅರಬ್ಬಿ, ಪರ್ಶಿಯನ್ ದಾಟಿ ನಮ್ಮ ಸಂಸ್ಕೃತಕ್ಕೇ ಬಂದು ನಿಲ್ಲುತ್ತೀರಿ. ನನ್ನ ಸಹೋದ್ಯೋಗಿ ದಕ್ಷಿಣ ಫ್ರಾನ್ಸಿನ ಹಳ್ಳಿಯಲ್ಲಿ ತಿಂದು ಮೆಚ್ಚಿದ 'ರಾಟಟೂಯಿ' ಎಂಬ ಪಲ್ಯದಲ್ಲಿ ಬದನೆ ಹೋದದ್ದು ನಮ್ಮ ಕಡೆಯಿಂದ. ಟೊಮೆಟೊ, ದಪ್ಪ ಮೆಣಸಿನಕಾಯಿ, ಜುಕೀನಿಯ ಮೂಲ ಅಮೆರಿಕ. ಅಪ್ಪಟ ಹಳ್ಳಿಯ ಅಡುಗೆ ಎಂದು ಅವರು ಕೊಂಡಾಡಿದ್ದರಲ್ಲಿ ಆ ಹಳ್ಳಿಯದು ಎಂದರೆ ಬಿಸಿಲು, ಮಣ್ಣು, ಎಣ್ಣೆ, ಮತ್ತು ಅಜ್ಜಿಯ ಕೈ.

ನಮ್ಮ ಕರಾವಳಿಯೂ ಹಾಗೆ ಊರು ಬಿಟ್ಟು ಹೊರಟ ಕೈಗಳ ನಾಡು. ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು ಬೆಂಗಳೂರಿಗೆ ಹೋದರು, 1924ರಲ್ಲಿ ಎಂ.ಟಿ.ಆರ್. ಆಯಿತು. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಹೋದರು, 1938ರಲ್ಲಿ ವುಡ್‌ಲ್ಯಾಂಡ್ಸ್ ಆಯಿತು. ರಾಮ ನಾಯಕರು ಮುಂಬಯಿಗೆ ಹೋದರು, 1942ರಲ್ಲಿ ಮಾತುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆಯಿತು. ಬ್ಯಾಂಕಿನವನಾಗಿ ಇನ್ನೊಂದು ಸಾಲು ಸೇರಿಸದಿದ್ದರೆ ತಪ್ಪಾದೀತು. ಅದೇ ಸಣ್ಣ ಜಿಲ್ಲೆಯಲ್ಲಿ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಇಪ್ಪತ್ತೈದು ವರ್ಷದಲ್ಲಿ ಐದು ಬ್ಯಾಂಕುಗಳು ಹುಟ್ಟಿದವು. ಅವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಉತ್ತರ ಭಾರತದ ಊರುಗಳಲ್ಲಿ ಕನ್ನಡ ಮಾತು ಕೇಳಬೇಕಾದರೆ ಒಂದೋ ಉಡುಪಿ ಹೋಟೆಲಿಗೆ ಹೋಗಬೇಕಿತ್ತು, ಇಲ್ಲ ಈ ಬ್ಯಾಂಕುಗಳ ಶಾಖೆಗೆ. ಒಂದು ಕಡೆ ಹೊಟ್ಟೆ, ಇನ್ನೊಂದು ಕಡೆ ಜೇಬು!

ಅಲ್ಲಿಂದ ಮತ್ತೆ ಘಟ್ಟ ಹತ್ತಿ ಚಿಕ್ಕಮಗಳೂರು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಗಿರಿಗೆ ಅವರದೇ ಹೆಸರಿದೆ. ಆದರೆ ನಮ್ಮ ಲೋಟದೊಳಗಿನ ಚಿಕೋರಿಯ ಕತೆ ಕೇಳಿದ್ದೀರಾ? ಬೇರನ್ನು ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುವ ಅಭ್ಯಾಸ ದೊಡ್ಡದಾಗಿ ಹಬ್ಬಿದ್ದು ಫ್ರಾನ್ಸಿನಲ್ಲಿ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ಜತೆ ವ್ಯಾಪಾರ ಬಂದ್ ಮಾಡಿದಾಗ ಅವನ ಜನಕ್ಕೇ ಕಾಫಿ ದುಬಾರಿಯಾಯಿತು. ಆಗ ಚಿಕೋರಿಗೆ ಶುಕ್ರದೆಸೆ. ಇವತ್ತು ನಮ್ಮ ದೇಶದಲ್ಲಿ ಚಿಕೋರಿ ಬೆಳೆಯುವುದು ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ. ಅಂದರೆ ನಾವು ಜನಕಪುರಿಗೆ ಚಿಕ್ಕಮಗಳೂರಿನಿಂದ ಹೊತ್ತು ತರುತ್ತಿದ್ದ 'ಊರಿನ ಕಾಫಿಪುಡಿ'ಯ ಒಂದು ಪಾಲು ದೆಹಲಿ ಪಕ್ಕದ ರಾಜ್ಯದಿಂದಲೇ ದಕ್ಷಿಣಕ್ಕೆ ಹೋಗಿ ಬಂದಿರಲೂ ಸಾಕು. ಸಾಗಾಣಿಕೆ ವೆಚ್ಚ ಎರಡೂ ಕಡೆ ನಮ್ಮದೇ!

ನನ್ನ ಊರು ತಿಪಟೂರು ಸೀಮೆ. ಮನೆಯಲ್ಲಿ ಮುದ್ದೆ. ನನ್ನಾಕೆಯದು ಜೋಳದ ರೊಟ್ಟಿಯ ನಾಡು. ಮದುವೆಯಾದಂದಿನಿಂದ ಯಾವುದು ಅಸಲಿ ಕನ್ನಡದ ಊಟ ಎಂದು ನಮ್ಮಲ್ಲಿ ಒಂದು ವ್ಯಾಜ್ಯ ನಡೆದುಕೊಂಡೇ ಬಂದಿದೆ. ಈ ಪ್ರವಾಸದಲ್ಲಿ ಅದೂ ಇತ್ಯರ್ಥವಾಯಿತು. ರಾಗಿಯ ತವರು ಪೂರ್ವ ಆಫ್ರಿಕದ ಇಥಿಯೋಪಿಯಾ, ಉಗಾಂಡಾ ಎತ್ತರದ ಸೀಮೆ; ಜೋಳದ ತವರು ಸೂಡಾನ್ ಕಡೆ. ಎರಡೂ ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದವು. ಮಳೆ ಕಡಿಮೆ ಇದ್ದ ನಮ್ಮ ಬಯಲುಸೀಮೆ ಅವುಗಳಿಗೆ ಒಗ್ಗಿತು, ಅವು ನಮಗೆ ಒಗ್ಗಿದವು. ತೀರ್ಪು ಕೇಳಿ ನನ್ನಾಕೆ, "ಹಂಗಾರ ಇಬ್ಬರೂ ಆಫ್ರಿಕಾದವರ ಆದ್ವಿ, ಇನ್ನ ಜಗಳಾ ಯಾಕ?" ಅಂದಳು.

ಕೊನೆಯ ಊರು ಮದ್ದೂರು. ಬೆಂಗಳೂರು–ಮೈಸೂರು ರೈಲುದಾರಿಯ ಸ್ಟೇಷನ್ನು. 1917ರಲ್ಲಿ ಇಲ್ಲಿ ತಿಂಡಿ ಮಾರುತ್ತಿದ್ದ ಕರಾವಳಿ ಮೂಲದ ರಾಮಚಂದ್ರ ಬುದ್ಯ ಎಂಬವರು, ರೈಲು ಬರುವ ಹೊತ್ತಾಯಿತೆಂದು ಪಕೋಡದ ಸಾಮಾನನ್ನೇ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ಮದ್ದೂರು ವಡೆಯಾಯಿತು ಎಂದು ಹೇಳುತ್ತಾರೆ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ, ಕರಿಬೇವು, ಇಷ್ಟೇ. ನನ್ನ ಲೆಕ್ಕಕ್ಕೆ ಮುಖ್ಯವಾದದ್ದು ಬೇರೆ. ಕೈ ಕರಾವಳಿಯದು, ಊರು ಕೊಟ್ಟದ್ದು ಒಂದು ಪ್ಲಾಟ್‌ಫಾರಂ ಮತ್ತು ಹಸಿದ ಪ್ರಯಾಣಿಕರು. ಆದರೂ ಯಾರೂ ಅದನ್ನು ಕರಾವಳಿ ವಡೆ ಎನ್ನಲಿಲ್ಲ. ಪೇಡಕ್ಕೆ ಉನ್ನಾವ್ ಹೆಸರು ಬರಲಿಲ್ಲ. ಬಂದವರು ತಮ್ಮ ಊರಿನ ಹೆಸರು ಬಿಟ್ಟುಕೊಟ್ಟರು. ಇದ್ದವರು ತಮ್ಮ ಊರಿನ ಹೆಸರು ಕೊಟ್ಟರು. ಒಂದೇ ಕಾಲಂ ತುಂಬಿ ಹೆಸರಾದ ತಿನಿಸು ನನಗೆ ಐದು ವಾರದಲ್ಲಿ ಸಿಗಲಿಲ್ಲ.

ಫ್ರೆಂಚರು ಈ ಊರ ಹೆಸರಿನ ಬೆಲೆಯನ್ನು ಬಹಳ ಮೊದಲೇ ಅರಿತರು. ರೊಕ್‌ಫೋರ್ ಎಂಬ ಹಳ್ಳಿಯ ಗುಹೆಗಳಲ್ಲಿ ಹದಕ್ಕೆ ಬರುವ ಕುರಿಹಾಲಿನ ಚೀಸಿನ ಹೆಸರನ್ನು ಬೇರೆಯವರು ಬಳಸಬಾರದು ಎಂದು 1925ರಲ್ಲೇ ಕಾನೂನು ಮಾಡಿದರು. 1935ರಲ್ಲಿ ಅದಕ್ಕೊಂದು ದೇಶವ್ಯಾಪಿ ವ್ಯವಸ್ಥೆಯೇ ಬಂತು. ನಮ್ಮಲ್ಲಿ 1999ರಲ್ಲಿ ಕಾಯ್ದೆಯಾಗಿ, 2003ರ ಸೆಪ್ಟೆಂಬರಿನಲ್ಲಿ ಜಾರಿಯಾಯಿತು. ಒಳ್ಳೆಯದೇ. ಊರಿನ ಹೆಸರನ್ನು ಯಾರು ಬೇಕಾದರೂ ಮಾರಿಕೊಳ್ಳುವಂತಾಗಬಾರದು. ಆದರೆ ಆ ಸರ್ಟಿಫಿಕೇಟಿನ ಹೆಸರಿನಲ್ಲಿ ಕಾಣುವುದು ಊರು ಮಾತ್ರ. ಬಂದವರ ಕತೆಯನ್ನು ಊರಿನವರೇ ನೆನಪಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮರೆತೇ ಹೋಗುತ್ತದೆ.

ಈ ಮರೆವು ಬರೀ ಊಟದ ವಿಷಯವಲ್ಲ. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಇಳಿದುಕೊಂಡಿದ್ದಾಗ ಅವನ ಮಗ, "ಚಿಕ್ಕಪ್ಪ, ಈ ನಾರ್ತಿನವರಿಂದ ಊರೇ ಕೆಟ್ಟುಹೋಯ್ತು" ಅಂದ. ಮುಂದೆ ಧಾರವಾಡ ಪೇಡದ ಡಬ್ಬಿ ತೆರೆದಿತ್ತು. ನಾನು 1988ರಲ್ಲಿ ದೆಹಲಿಗೆ ಬಂದಾಗ ಇಲ್ಲಿಯವರ ಪಾಲಿಗೆ 'ಮದ್ರಾಸಿ' ಆಗಿದ್ದವನು. ತಿಪಟೂರು ಎಂದರೆ ಮದ್ರಾಸಿನ ಯಾವ ಭಾಗ ಎಂದು ಕೇಳುತ್ತಿದ್ದರು. ಹಾಗಾಗಿ ಅವನ ಮಾತು ನನಗೂ ಸ್ವಲ್ಪ ತಾಗಿತು. ಆದರೆ ಅವನ ಸಂಕಟ ಸುಳ್ಳಲ್ಲ. ಹತ್ತು ವರ್ಷ ಇದ್ದೂ ಹಾಲು ತರುವಷ್ಟು ಕನ್ನಡ ಕಲಿಯದವರ ಮೇಲೆ ಸಿಟ್ಟು ಬರುವುದು ಸಹಜ. ನಾನು ಅವನಿಗೆ ಹೇಳಿದ್ದು ಇಷ್ಟೇ: "ಬರಬೇಡಿ ಅಂದಿದ್ದರೆ ಈ ಡಬ್ಬಿ ಖಾಲಿ ಇರ್ತಿತ್ತು ಕಣೋ. ಬಂದವರು ನಮ್ಮ ಎಮ್ಮೆ ಹಾಲು ಹಾಕಿಕೊಳ್ಳಲಿ ಅಂತ ಕೇಳು, ಅದು ನ್ಯಾಯ." ಅವನು ನಕ್ಕು ಇನ್ನೊಂದು ಪೇಡ ತೆಗೆದುಕೊಂಡ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ.

ಇನ್ನು ದೆಹಲಿಯ ಲೆಕ್ಕ ನೋಡೋಣ. ನಮ್ಮ ಜನಕಪುರಿ ಎದ್ದದ್ದೇ ಹೊಲಗಳ ಮೇಲೆ. ಅಸಲತ್‌ಪುರ, ಪೋಸಂಗಿಪುರ ಎಂಬ ಹಳೆಯ ಹಳ್ಳಿಗಳು ಡಿ.ಡಿ.ಎ. ಫ್ಲಾಟುಗಳ ನಡುವೆ ಇಂದಿಗೂ ಇವೆ. ಪಕ್ಕದ ತಿಲಕ್ ನಗರ 1947ರ ನಂತರ ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದವರು ಕಟ್ಟಿಕೊಂಡ ಬಡಾವಣೆ. ಇವತ್ತು ದೆಹಲಿಯ ಊಟ ಎಂದು ಲೋಕ ಮೆಚ್ಚುವ ಬಟರ್ ಚಿಕನ್, ದಾಲ್ ಮಖನಿ ಪೆಶಾವರದಿಂದ ಬಂದ ನಿರಾಶ್ರಿತರ ಹೋಟೆಲಿನವು. ಅದನ್ನು ಮೊದಲು ಮಾಡಿದವರು ಯಾರು ಎಂಬ ಜಗಳ 2024ರಲ್ಲಿ ದೆಹಲಿ ಹೈಕೋರ್ಟಿನ ತನಕ ಹೋಯಿತು. ನಮ್ಮ ಮೊಮ್ಮಗಳಿಗೆ ಪ್ರಾಣವಾದ ರಾಜ್ಮಾ ಅಮೆರಿಕದಿಂದ ಹೊರಟ ಹುರುಳಿಕಾಯಿಯ ಜಾತಿಯ ಕಾಳು. ಅದೇ ಜಾತಿಯ ಬಿಳಿ ಕಾಳಿನಿಂದ ದಕ್ಷಿಣ ಫ್ರಾನ್ಸಿನವರು 'ಕಾಸುಲೆ' ಎಂಬ ತಮ್ಮ ಊರ ಹೆಮ್ಮೆಯ ಅಡುಗೆ ಮಾಡುತ್ತಾರೆ. ಮಾಂಸ ಹಾಕುವುದರಿಂದ ನನ್ನ ಸಹೋದ್ಯೋಗಿ ಅದನ್ನು ನೋಡಿಯೇ ತೃಪ್ತರಾಗಿದ್ದರು.

ಇಲ್ಲಿ ನಮ್ಮದೇನು ಜಮೆ? 1948ರಲ್ಲಿ ದೆಹಲಿ ಕರ್ನಾಟಕ ಸಂಘ ಕಟ್ಟಿದ ಹಿರಿಯರಿಂದ ಹಿಡಿದು ನಮ್ಮ ತನಕ ಎಲ್ಲರೂ ಊರಿನ ರುಚಿಯನ್ನು ಕೆಡದಂತೆ ಕಾಯುವುದೇ ಕರ್ತವ್ಯ ಎಂದುಕೊಂಡೆವು. ಮಾರುಕಟ್ಟೆಯ ಪನೀರ್ ದೋಸೆ ಕಂಡು ಮೂಗು ಮುರಿದೆವು. ಮೊಮ್ಮಗಳು ಮುದ್ದೆಯನ್ನು ರಾಜ್ಮಾದಲ್ಲಿ ಅದ್ದಿ ತಿಂದರೆ ಮನೆಯಲ್ಲಿ ಗದ್ದಲ. ಎರಡು ಕಾಲಮ್ಮಿನ ಲೆಕ್ಕದಲ್ಲಿ ನೋಡಿದರೆ ಅವಳು ಮಾಡುತ್ತಿರುವುದು ಠಾಕೂರ್ ಮನೆತನದವರು ಮಾಡಿದ್ದನ್ನೇ. ಕೈ ನಮ್ಮದು, ಹಾಲು ಇಲ್ಲಿಯದು. ಅವಳ ಕನ್ನಡ ಉಳಿಯಬೇಕು ಎಂಬ ಆಸೆ ನನಗಿದೆ, ಅದನ್ನು ನಾನು ಬಿಡುವುದಿಲ್ಲ. ಆ ಕೈಯೇ ಹೋದರೆ ನಮ್ಮ ಕಾಲಮ್ಮಿನಲ್ಲಿ ಬರೆಯಲು ಏನೂ ಇರುವುದಿಲ್ಲ. ಆದರೆ ತಟ್ಟೆಯನ್ನು ಅವಳಿಗೇ ಬಿಟ್ಟಿದ್ದೇನೆ.

ಆ ಬೇಸಿಗೆ ಧಾರವಾಡದಿಂದ ತಂದ ಪೇಡವನ್ನು ಪದ್ಧತಿಯಂತೆ ಅಕ್ಕಪಕ್ಕದವರಿಗೆ ಹಂಚಿದೆವು. ಎದುರು ಫ್ಲಾಟಿನಲ್ಲಿ ಕಾನ್ಪುರ ಕಡೆಯ ವೃದ್ಧೆಯೊಬ್ಬರಿದ್ದಾರೆ. ಮಗನ ಕೆಲಸದ ಸಲುವಾಗಿ ಊರು ಬಿಟ್ಟು ಬಂದವರು. ಒಂದು ಪೇಡ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿಂದಿಯಲ್ಲಿ, "ಇದು ನಮ್ಮ ಕಡೆಯದೇ ಅಲ್ಲವೇ ಬೆಹೆನ್‌ಜಿ? ನಿಮ್ಮವರು ಒಂಚೂರು ಜಾಸ್ತಿ ಕಾಯಿಸಿದ್ದಾರೆ ಅಷ್ಟೇ" ಎಂದರು. ಎಮ್ಮೆಯ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡದ ನನ್ನಾಕೆ ಅವತ್ತು ಏನೂ ಹೇಳಲಿಲ್ಲ. ಡಬ್ಬಿಯನ್ನು ಅವರ ಕೈಯಲ್ಲೇ ಇಟ್ಟು ಬಂದಳು.